ಬೇಕಿಂಗ್ ಟ್ರೇ ತಗೊಳ್ಳುವವರು ಆಯಸ್ಕಾಂತ ಹಿಡ್ಕೊಂಡೇ ಅಂಗಡಿಗೆ ಹೋಗಿ

ಕಾರವಾರ ಪೇಟೆಯಲ್ಲಿ ಬೇಕಿಂಗ್ ಟ್ರೇ ಹುಡುಕ್ತಾ ಇರುವವರು ದಯವಿಟ್ಟು ಇದನ್ನು ಓದಿಯೇ ಹೋಗಿ. ಎರಡು ಕಪ್ಪು ಟ್ರೇಗೆ 1,100 ರೂಪಾಯಿ ಕೊಟ್ಟಾಯ್ತು. ‘ಪಕ್ಕಾ ಅಲ್ಯುಮಿನಿಯಂ, ದಪ್ಪ ಶೀಟ್’ ಅಂದರು. ಮೇಲಿಂದ ಟ್ರೇ ಕೈಗೇ ಕೊಟ್ಟು, ‘ತೂಕ ನೋಡಿ ಅಕ್ಕಾ, ತೂಕ!’

ಮೋಸ ಹೋದದ್ದು ಅಲ್ಲೇ. ಕಬ್ಬಿಣ ಅಲ್ಯುಮಿನಿಯಂಗಿಂತ ಹತ್ತಿರ ಹತ್ತಿರ ಮೂರು ಪಟ್ಟು ಭಾರ. ಅರ್ಧ ಮಿಲಿಮೀಟರೂ ಇಲ್ಲದ ತಗಡು, ಒಂದು ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂನಷ್ಟೇ ತೂಗ್ತದೆ. ದಿನಾ ಪಾತ್ರೆ ಹಿಡಿಯುವ ಕೈಗೆ ಇದು ಗೊತ್ತಾಗಲಿಲ್ಲವಲ್ಲ ಅಂತ ಈಗಲೂ ನಾಚಿಕೆ.

180 ಡಿಗ್ರಿಗೆ ನಾನ್‌ಕಟಾಯಿ ಇಟ್ಟರೆ ಎಂಟೇ ನಿಮಿಷಕ್ಕೆ ಒಳಗಿಂದ ಢಣ್! ತೆಳು ತಗಡು ಒಂದು ಕಡೆ ಬೇಗ ಕಾದು ಹಿಗ್ಗಿ, ಮೂಲೆ ಎದ್ದು ನಿಂತಿತ್ತು. ನಾನ್‌ಕಟಾಯಿ ತಳ ಕರಕಲು, ಮೇಲೆ ಬಿಳಿ ಬಿಳಿ. ಕಪ್ಪು ಟ್ರೇ ಶಾಖವನ್ನು ಬೇಗ ಎಳ್ಕೊಳ್ತದೆ, ಅದೊಂದು. ‘28 ಲೀಟರ್ ಓವನ್‌ಗೆ ಸರೀ ಕೂರ್ತದೆ’ ಅಂದಿದ್ದರಲ್ಲ, ಗೋಡೆಯಿಂದ ಗೋಡೆಗೆ ಕೂತಿತ್ತು! ಬಿಸಿಗಾಳಿ ಮೇಲೆ ಬರಲು ಜಾಗವೇ ಇಲ್ಲ, ಕೆಳಗಿನ ರಾಡಿನ ಕಾವೆಲ್ಲ ತಳಕ್ಕೇ.

ಮೂರನೇ ಸಲ ತೊಳೆದು ಓರೆಯಾಗಿ ನಿಲ್ಲಿಸಿದಾಗ, ಮಡಚಿದ ಅಂಚಿನ ಒಳಗಿಂದ ಚಹಾ ಬಣ್ಣದ ನೀರು ತೊಟ್ಟಿಕ್ಕಿ ಕಟ್ಟೆ ಮೇಲೆ ಕಲೆ. ಅಲ್ಯುಮಿನಿಯಂಗೆ ಎಲ್ಲಿಯ ಕೆಂಪು ತುಕ್ಕು? ಫ್ರಿಜ್ ಬಾಗಿಲಿನ ಆಯಸ್ಕಾಂತ ತಂದು ಹಿಡಿದೆ. ಟಕ್ ಅಂತ ಅಂಟಿತು.

ಅಂಗಡಿಯವರ ಉತ್ತರ ಕೇಳಿ. ಮೊದಲು, ‘ಉಪ್ಪುಗಾಳಿ ಅಕ್ಕಾ, ಇಲ್ಲಿ ಎಲ್ಲದಕ್ಕೂ ತುಕ್ಕೇ.’ ಆಮೇಲೆ, ‘ನೀವು ಒರೆಸಿ ಇಡಲಿಲ್ಲ.’ ಅಲ್ಲೇ ಆಯಸ್ಕಾಂತ ಅಂಟಿಸಿ ತೋರಿಸಿದರೆ, ‘ಅದು ಕೋಟಿಂಗಿಗೆ ಹಿಡೀತದೆ.’ ಕೋಟಿಂಗಿಗಂತೆ! ನಾನ್‌ಸ್ಟಿಕ್ ಕೋಟಿಂಗಿಗೆ ಯಾವ ಆಯಸ್ಕಾಂತವೂ ಹಿಡಿಯುವುದಿಲ್ಲ. ಕೊನೆಗೆ, ‘ಬಳಸಿದ ಸಾಮಾನು ವಾಪಸ್ ಇಲ್ಲ.’

ದಪ್ಪ ಕಬ್ಬಿಣದ ಟ್ರೇ ಕೆಟ್ಟದ್ದಲ್ಲ, ಕಬ್ಬಿಣ ಅಂತ ಹೇಳಿ ಮಾರಲಿ. ನೀವು ಆಯಸ್ಕಾಂತ ಅಂಟಿಸಿ ನೋಡಿ, ಎದುರುಬದುರು ಮೂಲೆ ಹಿಡಿದು ತಿರುಚಿ ನೋಡಿ, ಡೊಂಕಾದರೆ ಬಿಟ್ಟುಬಿಡಿ. ಓವನ್ ಒಳಗಿನ ಅಳತೆ ಬರೆದುಕೊಂಡು ಹೋಗಿ, ಟ್ರೇ ಸುತ್ತ ಒಂದೊಂದು ಇಂಚು ಜಾಗ ಉಳಿಯಲೇಬೇಕು. ಈಗಾಗಲೇ ಕಪ್ಪು ಟ್ರೇ ತಂದಿದ್ದರೆ ಶಾಖ 10-15 ಡಿಗ್ರಿ ಇಳಿಸಿ, ತೊಳೆದ ಮೇಲೆ ಆರುತ್ತಿರುವ ಓವನ್‌ನಲ್ಲೇ ಒಣಗಿಸಿ. ಬಿಲ್ಲಿನಲ್ಲಿ ಅಲ್ಯುಮಿನಿಯಂ ಅಂತ ಬರೆಸದೆ ದುಡ್ಡು ಕೊಡಬೇಡಿ. ನನ್ನ ಬಿಲ್ಲಿನಲ್ಲಿ ಇದ್ದದ್ದು ‘ಟ್ರೇ 2’, ಅಷ್ಟೇ.