ಹಾರ್ಡ್ ಡಿಸ್ಕ್ ಉಳಿಸಿಕೊಟ್ಟ ಮಡಿಕೇರಿಯ ಪುಟ್ಟ ಅಂಗಡಿ

ಅಪ್ಪನ ಫೋಟೊಗಳು, ಪುತ್ತರಿ ಹಬ್ಬದ ವಿಡಿಯೊಗಳು, ತೋಟದ ಲೆಕ್ಕ ಎಲ್ಲವೂ ಇದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪ್ ಗುರುತಿಸುತ್ತಿರಲಿಲ್ಲ. ಲೈಟ್ ಉರಿಯುತ್ತಿತ್ತು, ಅಷ್ಟೇ. ಬೇರೊಂದು ಕಡೆ ಸರಿಯಾಗಿ ನೋಡದೆ ‘ಫಾರ್ಮ್ಯಾಟ್ ಮಾಡಿ’ ಎಂದುಬಿಟ್ಟರು.

ಮಡಿಕೇರಿ ಪೇಟೆಯ ಈ ಅಂಗಡಿಯವರು ಮೊದಲು ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು. ಟಿಕ್ ಟಿಕ್ ಸದ್ದು ಬಂದರೆ ಸುಮ್ನೆ ಮತ್ತೆ ಮತ್ತೆ ಸಿಕ್ಕಿಸಬಾರದು, ಹಾನಿ ಜಾಸ್ತಿಯಾಗುತ್ತದೆ ಎಂದರು. ನನ್ನದು ಸರಿಯಾಗಿ ತಿರುಗುತ್ತಿತ್ತು. ಕೇಬಲ್ಲಿನ ತುದಿಗೆ ಮಾತ್ರ ಕಿಲುಬು. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ನಮ್ಮಲ್ಲಿ ಯಾವುದಕ್ಕೆ ತಾನೇ ಹಿಡಿಯುವುದಿಲ್ಲ, ಅಲ್ವಾ?

ನಡುವೆ ಇದ್ದ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಸಾಧನ) ತೆಗೆದು, ಹೊಸ ಕೇಬಲ್ ಹಾಕಿ, ನೇರ ಯುಎಸ್‌ಬಿ 3.0 ಪೋರ್ಟಿಗೆ ಸಿಕ್ಕಿಸಿದರು. 2.5 ಇಂಚಿನ ಡಿಸ್ಕಿಗೆ ಕರೆಂಟ್ ಸಿಗುವುದು ಯುಎಸ್‌ಬಿಯಿಂದಲೇ. 2.0 ಪೋರ್ಟ್‌ನ ಮಿತಿ 500 ಮಿಲಿಆಂಪ್, 3.0ದ್ದು 900. ಆಮೇಲೆ ವಿಂಡೋಸ್‌ನಲ್ಲಿ ಜೋಡಿಸಿದ ಡಿಸ್ಕ್‌ಗಳನ್ನೆಲ್ಲ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಡಿಸ್ಕ್ ಅಲ್ಲೇ ಇತ್ತು! ಡ್ರೈವ್ ಲೆಟರ್ (D:, E: ಎಂಬಂತೆ ಡಿಸ್ಕಿಗೆ ಕೊಡುವ ಅಕ್ಷರ) ಇರಲಿಲ್ಲ. ಅದನ್ನು ಕೊಟ್ಟ ಕೂಡಲೇ ಫೋಲ್ಡರ್‌ಗಳೆಲ್ಲ ಬಂದವು. ಅಪ್ಪನ ಮುಖ ಕಂಡಾಗ ಕಣ್ಣು ತುಂಬಿತು.

ಕೇಬಲ್ಲಿನ ದುಡ್ಡು ಮಾತ್ರ ತೆಗೆದುಕೊಂಡರು. ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಸದೆ ಕಳಿಸಲಿಲ್ಲ. ಗಾಡಿ ನಿಲ್ಲಿಸಲು ಜಾಗ ಕಷ್ಟ, ಶುಕ್ರವಾರದ ಸಂತೆ ದಿನ ಬಿಟ್ಟು ಹೋಗಿ.