ಹಳೆ ನೆಗೆಟಿವ್ ಸ್ಕ್ಯಾನ್‌ಗೆ ಕೊಡುವ ಮೊದಲು ಇದನ್ನು ಓದಿ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಹಳೆ ನೆಗೆಟಿವ್ ಸ್ಕ್ಯಾನ್ ಮಾಡಿಸಬೇಕು ಅಂತಿರುವವರು ದಯವಿಟ್ಟು ಒಂದು ನಿಮಿಷ ನಿಲ್ಲಿ. "6400 ಡಿಪಿಐನಲ್ಲಿ (ಇಂಚಿಗೆ ಅಷ್ಟು ಚುಕ್ಕಿ ಅಂತ ಲೆಕ್ಕ) ಮಾಡಿ ಕೊಡ್ತೀವಿ" ಅಂದ ತಕ್ಷಣ ಇಡೀ ಕಟ್ಟು ಒಪ್ಪಿಸಿ ಬರಬೇಡಿ.

ನಮ್ಮಪ್ಪ ಲಕ್ಕುಂಡಿಯಲ್ಲಿ ತೆಗೆದ 35 ಎಂಎಂ ಕಪ್ಪು-ಬಿಳುಪು ರೀಲುಗಳು ಮನೆಯಲ್ಲಿದ್ದವು. ಊಟಿಯಲ್ಲಿ ತಯಾರಾಗುತ್ತಿದ್ದ "ಇಂದು" ಅನ್ನುವ ಹೆಸರಿನ ಫಿಲ್ಮೂ ಇತ್ತು. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡವನ್ನು ಹತ್ತಿರ ನಿಂತು ತೆಗೆದಿದ್ದರು. ಹಳೆ ಪ್ರಿಂಟಿನಲ್ಲಿ ಅದರ ಮೇಲೆ ಕೆತ್ತಿದ ಬಳ್ಳಿಯ ಒಂದೊಂದು ಸುರುಳಿಯೂ ಬಿಡಿಬಿಡಿಯಾಗಿ ಕಾಣುತ್ತದೆ. ಹುಬ್ಬಳ್ಳಿಯ ಸ್ಟುಡಿಯೋ ಕೊಟ್ಟ ಫೈಲಿನಲ್ಲಿ ಅದೇ ಕೆತ್ತನೆ ಕರಗಿದ ಮೇಣದ ಹಾಗಿತ್ತು. ಅಂಚಿಗೆಲ್ಲ ಬಿಳಿ ಗೆರೆ ಬೇರೆ. ಕೇಳಿದರೆ, "ಹಳೇ ಫೋಟೋ ಅಲ್ವಾ, ಇಷ್ಟೇ ಬರೋದು" ಅಂದರು.

ಆ ಮಾತು ನಿಜವಲ್ಲ. ಧಾರವಾಡದ ಗೆಳೆಯನೊಬ್ಬ ಅದೇ ನೆಗೆಟಿವನ್ನು ಲೈಟ್ ಪ್ಯಾನಲ್ ಮೇಲಿಟ್ಟು ಕ್ಯಾಮೆರಾಗೆ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಹಾಕಿ ತೆಗೆದುಕೊಟ್ಟ. ಸುರುಳಿಗಳೂ ಬಂದವು, ಫಿಲ್ಮಿನ ಗ್ರೇನೂ (ಚಿತ್ರದ ಸಣ್ಣ ಸಣ್ಣ ಕಣ) ಬಂತು.

ಆ ಸ್ಟುಡಿಯೋದಲ್ಲಿ ಆಗಿದ್ದೇನು? ಮೊದಲನೆಯದು, ಡಿಪಿಐ ಲೆಕ್ಕ. ಎಪ್ಸನ್ ವಿ600 ತರಹದ ಫ್ಲಾಟ್‌ಬೆಡ್ ಸ್ಕ್ಯಾನರಿನ (ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುವಂಥದ್ದು) ಡಬ್ಬಿಯ ಮೇಲೆ 6400 ಅಂತಿರುತ್ತದೆ. ಆದರೆ ಪರೀಕ್ಷೆ ಮಾಡಿ ನೋಡಿದವರಿಗೆ ಸಿಕ್ಕಿದ್ದು ಹೆಚ್ಚುಕಡಿಮೆ 1600ರ ಆಸುಪಾಸು. ಫೈಲಿನಲ್ಲಿ 5 ಕೋಟಿಗೂ ಜಾಸ್ತಿ ಪಿಕ್ಸೆಲ್, ಒಳಗಿನ ವಿವರ ಮಾತ್ರ 35 ಲಕ್ಷ ಪಿಕ್ಸೆಲ್ಲಿನಷ್ಟು. ದೊಡ್ಡ ಫೈಲ್ ನೋಡಿ ನಾವು ಸುಮ್ನೆ ಖುಷಿಪಡುತ್ತೇವೆ. ಮೇಲಾಗಿ ಈ ಸ್ಕ್ಯಾನರಿನ ಫೋಕಸ್ ಒಂದೇ ಎತ್ತರಕ್ಕೆ ಕೂತಿರುತ್ತದೆ. ಫಿಲ್ಮ್ ನಡುವೆ ಸ್ವಲ್ಪ ಉಬ್ಬಿದರೂ ಸಾಕು, ಆ ಭಾಗ ಮಸುಕು.

ನನಗೆ ಹೆಚ್ಚು ಸಿಟ್ಟು ತರಿಸಿದ್ದು ಧೂಳು ತೆಗೆಯುವ ಆಪ್ಷನ್. ಡಿಜಿಟಲ್ ಐಸ್ ಅಂತಾರಲ್ಲ, ಅದು. ಅದು ಇನ್ಫ್ರಾರೆಡ್ ಬೆಳಕಿನಿಂದ ಧೂಳು, ಗೀರು ಹುಡುಕುತ್ತದೆ. ಮಾಮೂಲಿ ಕಲರ್ ನೆಗೆಟಿವಿನ ಬಣ್ಣದೊಳಗಿಂದ ಆ ಬೆಳಕು ಹಾದು ಹೋಗುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ, ಅವು ಬೆಳಕನ್ನು ತಡೆಯುತ್ತವೆ. ಸಾಫ್ಟ್‌ವೇರ್ ಚಿತ್ರವನ್ನೇ ಕಸ ಅಂದುಕೊಂಡು ಒರೆಸಿಬಿಡುತ್ತದೆ. ಅಪ್ಪನ ಫೋಟೋದ ಕೆತ್ತನೆ ಹೋಗಿದ್ದು ಹೀಗೆ. ಆಮೇಲೆ ಶಾರ್ಪನ್ (ಅಂಚುಗಳನ್ನು ಎದ್ದು ಕಾಣಿಸುವ ಆಪ್ಷನ್) ಜೋರಾಗಿ ಹಾಕಿದ್ದರಿಂದ ಬಂದದ್ದು ಆ ಬಿಳಿ ಗೆರೆಗಳು. ದುಡ್ಡು ತಗೊಂಡು ಕೆಲಸ ಮಾಡುವವರಿಗೆ ಇಷ್ಟು ಗೊತ್ತಿರಬೇಕು.

ಹಾಗಾಗಿ ಮೊದಲು ನೆಗೆಟಿವಿನ ಒಂದೇ ಪಟ್ಟಿ ಕೊಡಿ. ಕಪ್ಪು-ಬಿಳುಪು ಆಗಿದ್ದರೆ ಡಿಜಿಟಲ್ ಐಸ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಶಾರ್ಪನ್ ಮಾಡದ ಟಿಫ್ ಫೈಲ್ (ವಿವರ ಕಳೆಯದೆ ಉಳಿಸುವ ಫೈಲ್) ಕೇಳಿ. ಕಂಪ್ಯೂಟರಿನಲ್ಲಿ ಝೂಮ್ 100%ಗೆ ಇಟ್ಟು ನಡುವೆ ಒಮ್ಮೆ, ನಾಲ್ಕೂ ಮೂಲೆಯಲ್ಲಿ ಒಮ್ಮೆ ನೋಡಿ. ಗ್ರೇನ್ ಎಲ್ಲ ಕಡೆ ಒಂದೇ ತರ ಕಂಡರೆ ಫೋಕಸ್ ಸರಿ ಇದೆ. ಮೊಬೈಲಿನಲ್ಲಿ ನೋಡಿ ಒಪ್ಪಬೇಡಿ, ಅಲ್ಲಿ ಎಲ್ಲವೂ ಶಾರ್ಪ್ ಆಗಿಯೇ ಕಾಣುತ್ತದೆ.

ವಾಪಸ್ ತಗೊಳ್ಳುವಾಗ ಕೌಂಟರಿನಲ್ಲೇ ಎಣಿಸಿಕೊಳ್ಳಿ. ನಮ್ಮವನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದರು, ಎರಡು ಫ್ರೇಮಿನ ಮೇಲೆ ಹೆಬ್ಬೆರಳ ಗುರುತು. ಸ್ಲೀವಿಗೆ ಹಾಕಿ ದಪ್ಪ ಪುಸ್ತಕಗಳ ಕೆಳಗೆ ಇಟ್ಟು ಚಪ್ಪಟೆ ಮಾಡಿದ ಮೇಲಷ್ಟೇ ಮತ್ತೆ ಸ್ಕ್ಯಾನ್ ಮಾಡಲು ಆಗಿದ್ದು.