ಕಾರವಾರದ ಲ್ಯಾಬಿನ ‘ಹಾರ್ಟ್ ಪ್ಯಾಕೇಜ್’: ಅಂಕಿ ಸರಿ, ಪ್ರಶ್ನೆ ಇಲ್ಲ

ಕಾರವಾರ ಪೇಟೆಯ ಒಂದು ಖಾಸಗಿ ರಕ್ತಪರೀಕ್ಷಾ ಕೇಂದ್ರದಲ್ಲಿ ‘ಹಾರ್ಟ್ ಪ್ಯಾಕೇಜ್’ ಎಂಬ ತಪಾಸಣೆಯನ್ನು ನಾನು ಮೂರು ತಿಂಗಳ ಅಂತರದಲ್ಲಿ ಎರಡು ಬಾರಿ ಮಾಡಿಸಿಕೊಂಡಿದ್ದೇನೆ. ಇಪ್ಪತ್ತಾರು ವರ್ಷ ದಿನಕ್ಕೆ ಹನ್ನೆರಡರಂತೆ ಸಿಗರೇಟ್ ಸೇದಿದವನಿಗೆ ಅದು ಏನನ್ನು ಹೇಳಿತು, ಏನನ್ನು ಹೇಳಲಿಲ್ಲ ಎಂಬುದಷ್ಟೇ ಈ ಬರಹದ ವಿಷಯ. ಕೇಂದ್ರದ ಹೆಸರು ಬರೆಯುತ್ತಿಲ್ಲ. ನನ್ನ ತಕರಾರು ಇರುವುದು ಪ್ಯಾಕೇಜಿನ ಕುರಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದಿರುತ್ತದೆ, ಸೂಜಿ ಚುಚ್ಚುವವರ ಕೈ ಹಗುರ, ಸಂಜೆಯೊಳಗೆ ವರದಿ ಫೋನಿಗೆ ಬರುತ್ತದೆ. 1,400 ರೂಪಾಯಿಗೆ ರಕ್ತಕಣಗಳ ಎಣಿಕೆ, ಸಕ್ಕರೆ, ಕೊಲೆಸ್ಟರಾಲ್ ವಿವರ ಮತ್ತು ಇಸಿಜಿ ಸಿಗುವುದು ದುಬಾರಿಯೇನಲ್ಲ. ಜೊತೆಗೆ ಬಂದ ಎರಡನೆಯವರಿಗೆ ಅರ್ಧ ಬೆಲೆ ಎಂದಿದ್ದರಿಂದ, ಗೋವಾದಲ್ಲಿ ಎಂಜಿನಿಯರಿಂಗ್ ಓದುವ ತಂಗಿಯ ಮಗನನ್ನೂ ಕರೆದುಕೊಂಡು ಹೋಗಿದ್ದೆ.

ಅರ್ಜಿಯಲ್ಲಿ ಹೆಸರು, ವಯಸ್ಸು, ಸಕ್ಕರೆ ಕಾಯಿಲೆ ಇದೆಯೇ, ಬಿಪಿ ಮಾತ್ರೆ ನುಂಗುತ್ತೀರಾ ಎಂಬ ಪ್ರಶ್ನೆಗಳಿದ್ದವು. ಸಿಗರೇಟಿನ ಮಾತು ಎಲ್ಲಿಯೂ ಇರಲಿಲ್ಲ. ಹನ್ನೆರಡು ತಾಸು ಉಪವಾಸ ಇರಬೇಕೆಂದು ಹಿಂದಿನ ದಿನವೇ ಫೋನ್ ಮಾಡಿ ನೆನಪಿಸಿದವರು, ಒಳಗೆ ಬರುವ ಐದು ನಿಮಿಷ ಮೊದಲು ನಾನು ಹೊರಗಿನ ಗೂಡಂಗಡಿಯ ಪಕ್ಕದಲ್ಲಿ ನಿಂತು ಒಂದನ್ನು ಮುಗಿಸಿದ್ದನ್ನು ಕೇಳಲಿಲ್ಲ. ಒಂದು ಸಿಗರೇಟಿನ ನಿಕೋಟಿನ್ ಅಡ್ರಿನಲಿನ್ ಸ್ರವಿಸುವಂತೆ ಮಾಡಿ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಕೆಲಹೊತ್ತು ಏರಿಸುತ್ತದೆ ಎಂಬುದು ಆಗ ನನಗೂ ಹೊಳೆದಿರಲಿಲ್ಲ.

ವರದಿಯಲ್ಲಿ ನನ್ನ ಹಿಮೋಗ್ಲೋಬಿನ್ 17.1 ಇತ್ತು. ಕೌಂಟರಿನಲ್ಲಿದ್ದ ಹುಡುಗ ‘ಸರ್, ನಿಮ್ಮದು ಗಟ್ಟಿ ರಕ್ತ’ ಎಂದು ಮೆಚ್ಚಿಕೊಂಡ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ ಶೇ. 98 ತೋರಿಸಿತ್ತು, ಇಸಿಜಿಯಲ್ಲಿ ದೋಷವಿರಲಿಲ್ಲ. ನಾನು ಬೀಗಿಕೊಂಡೇ ಮನೆಗೆ ಬಂದೆ. ಆ ಬೀಗುವಿಕೆಯನ್ನು ಇಳಿಸಿದವರು ಪರಿಚಯದ ವೈದ್ಯರು. ವರದಿಯನ್ನು ಬಿಡಿಸುವ ಮೊದಲೇ ಅವರು ಕೇಳಿದ್ದು, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟ್ ಹಚ್ಚುತ್ತೀರಿ ಎಂದು.

ಅವರು ವಿವರಿಸಿದ್ದು ಹೀಗೆ: ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್, ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಬಿಗಿಯಲ್ಲಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ, ಹಾಗೆ ಜಾಗ ಕಳೆದುಕೊಂಡ ಆಮ್ಲಜನಕದ ಕೊರತೆ ತುಂಬಲು ದೇಹ ಕೆಂಪು ರಕ್ತಕಣಗಳನ್ನು ಹೆಚ್ಚು ಹುಟ್ಟಿಸುತ್ತದೆ, ರಕ್ತ ಮಂದವಾಗುತ್ತದೆ, ಹೃದಯ ಅದನ್ನೇ ತಳ್ಳಬೇಕಾಗುತ್ತದೆ. ಹುಡುಗ ಮೆಚ್ಚಿದ ಗಟ್ಟಿತನ ಇದೇ. ಆಕ್ಸಿಮೀಟರಿನ ಕಥೆ ಇನ್ನೂ ವಿಚಿತ್ರವಾದದ್ದು: ಅದು ಬೆಳಕು ಹಾಯಿಸಿ ಬಣ್ಣದಿಂದ ಅಂದಾಜು ಮಾಡುವ ಯಂತ್ರವಾದ್ದರಿಂದ, ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತದ್ದೆಂದೇ ಎಣಿಸಿಬಿಡುತ್ತದೆ. ಸೇದುವವನ 98ರಲ್ಲಿ ಹೊಗೆಯ ಪಾಲೂ ಸೇರಿರುತ್ತದೆ.

ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ 34ಕ್ಕೆ ಇಳಿದಿತ್ತು. ಗಂಡಸರಲ್ಲಿ ಅದು 40ಕ್ಕಿಂತ ಕಡಿಮೆ ಇರಬಾರದು. ಬಿಳಿ ರಕ್ತಕಣ 10,800, ಅಂದರೆ ಮಿತಿಯ ಅಂಚಿನಲ್ಲಿದ್ದುದರಿಂದ ಯಾರೂ ಅದಕ್ಕೆ ಗುರುತು ಹಾಕಿರಲಿಲ್ಲ. ರಕ್ತನಾಳದ ಒಳಗೆ ನಿತ್ಯ ನಡೆಯುವ ಉರಿಯೂತದ ಲಕ್ಷಣ ಅದಾಗಿರಬಹುದೆಂದು ವೈದ್ಯರೇ ತೋರಿಸಬೇಕಾಯಿತು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 138 ಎಂದು ವರದಿ ಪ್ರಮಾಣವನ್ನಷ್ಟೇ ಕೊಟ್ಟಿದೆ. ಹೊಗೆಯಿಂದ ಆ ಎಲ್‌ಡಿಎಲ್ ಉತ್ಕರ್ಷಣಗೊಂಡು ನಾಳದ ಗೋಡೆಗೆ ಮೆತ್ತಿಕೊಳ್ಳುವುದು, ಪ್ಲೇಟ್‌ಲೆಟ್‌ಗಳು ಅಂಟಂಟಾಗುವುದು, ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಏರುವುದು ಈ ಪ್ಯಾಕೇಜಿನ ಕಣ್ಣಿಗೆ ಬೀಳುವುದಿಲ್ಲ. ಹೃದಯಾಘಾತಕ್ಕೆ ದಾರಿ ಮಾಡುವುದು ಮಾತ್ರ ಅವೇ.

ಅಳಿಯನ ವರದಿ ಚೊಕ್ಕಟವಾಗಿತ್ತು. ಅವನು ಸಿಗರೇಟ್ ಮುಟ್ಟುವುದಿಲ್ಲ; ಪೆನ್‌ಡ್ರೈವಿನಂಥ ಒಂದು ವೇಪ್, ಅಂದರೆ ಇ-ಸಿಗರೇಟ್, ಇಟ್ಟುಕೊಂಡಿದ್ದಾನೆ, ನವೆಂಬರಿನಲ್ಲಿ ಅವನ ಕೋಣೆ ಮಾವಿನಹಣ್ಣಿನಂತೆ ನಾರುತ್ತಿದ್ದುದೇ ನಮಗೆ ಸಿಕ್ಕ ಸುಳಿವು. ಅದರ ಮಾರಾಟ, ಆಮದು, ದಾಸ್ತಾನು 2019ರಿಂದ ದೇಶದಲ್ಲೆಲ್ಲ ನಿಷೇಧ, ಗೋವಾದಲ್ಲೂ. ‘ನೋಡು ಮಾಮಾ, ವೇಪಿನಿಂದ ಏನೂ ಆಗಿಲ್ಲ’ ಎಂದು ಅವನು ವರದಿಯನ್ನು ನನ್ನ ಮುಂದೆ ಹಿಡಿದಾಗ ಅವನ ಅಮ್ಮನ ಮುಖವೂ ಅರಳಿತು. ನನಗೆ ಈ ಪ್ಯಾಕೇಜಿನ ಮೇಲೆ ನಿಜವಾದ ಸಿಟ್ಟು ಬಂದದ್ದು ಆಗ.

ವೇಪಿನಲ್ಲಿ ಏನೂ ಸುಡುವುದಿಲ್ಲವಾದ್ದರಿಂದ ಕಾರ್ಬನ್ ಮೊನಾಕ್ಸೈಡ್ ನಗಣ್ಯ ಎಂಬುದು ನಿಜ, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ನಿಕೋಟಿನ್ ಅದೇ ನಿಕೋಟಿನ್. ನಾಡಿ ಏರುವುದು, ನಾಳ ಬಿಗಿಯುವುದು ಎರಡರಲ್ಲೂ ಒಂದೇ. ದ್ರವ ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್ ಮತ್ತು ಆಕ್ರೋಲಿನ್ ಎಂಬ ವಿಷಗಳು, ಅದನ್ನು ಕಾಯಿಸುವ ಲೋಹದ ಸುರುಳಿಯಿಂದ ಕಳಚಿ ಬರುವ ನಿಕಲ್, ಸೀಸದ ಕಣಗಳು ಇದಕ್ಕೆ ಮೇಲ್ಖರ್ಚು. ಇಪ್ಪತ್ತೆರಡರ ಹುಡುಗನ ಕೊಲೆಸ್ಟರಾಲಿನಲ್ಲಿ ಇದರ ಕುರುಹು ಹುಡುಕುವುದು ವ್ಯರ್ಥ. ಈ ಉಪಕರಣ ಮಾರುಕಟ್ಟೆಗೆ ಬಂದು ಎರಡು ದಶಕವಾಗಿದೆ. ಮೂವತ್ತು ವರ್ಷ ವೇಪ್ ಎಳೆದ ಮನುಷ್ಯ ಇನ್ನೂ ಜಗತ್ತಿನಲ್ಲಿಲ್ಲ. ನಿಕೋಟಿನ್ ದೇಹದಲ್ಲಿ ಕರಗಿ ಉಳಿಸುವ ಕೊಟಿನಿನ್ ಅಂಶವನ್ನು ಅಳೆದಿದ್ದರೆ ಮಾವ, ಅಳಿಯ ಇಬ್ಬರೂ ಒಟ್ಟಿಗೇ ಸಿಕ್ಕಿಬೀಳುತ್ತಿದ್ದೆವು. ಆ ಪರೀಕ್ಷೆ ದುಬಾರಿ ಎನ್ನುವುದಾದರೆ ಬೇಡ, ‘ಸೇದುತ್ತೀರಾ, ಎಷ್ಟು?’ ಎಂದು ಕೇಳುವುದಕ್ಕೆ ಖರ್ಚಿಲ್ಲವಲ್ಲ.

ನಾನು ಮೊದಲು ದಿನಕ್ಕೆ ಎರಡಕ್ಕೆ ಇಳಿಸಲು ನೋಡಿದ್ದೆ. ದಿನಕ್ಕೆ ಒಂದೇ ಸೇದುವವನಿಗೂ, ಇಪ್ಪತ್ತು ಸೇದುವವನ ಹೆಚ್ಚುವರಿ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಇರುತ್ತದೆಂದು 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯನ್ನು ವೈದ್ಯರು ಹೇಳಿದ ಮೇಲೆ ಆ ಚೌಕಾಸಿ ಬಿಟ್ಟೆ. ಸಿಗರೇಟ್ ಪ್ಯಾಕಿನ ಮೇಲೆಯೇ ಮುದ್ರಿಸಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದೆ, ಕನ್ನಡದಲ್ಲೇ ಮಾತನಾಡಿದರು.

ಎರಡನೆಯ ವರದಿಯಲ್ಲಿ ಹಿಮೋಗ್ಲೋಬಿನ್ 15.6, ಎಚ್‌ಡಿಎಲ್ 39, ಬಿಳಿ ರಕ್ತಕಣ 7,900. ಎಲ್‌ಡಿಎಲ್ ಮಾತ್ರ ಅಲುಗಲಿಲ್ಲ, ಅದಕ್ಕೆ ಮಾತ್ರೆ ಶುರುವಾಗಿದೆ. ಅಳೆದದ್ದನ್ನು ಸರಿಯಾಗಿ ಅಳೆಯುತ್ತಾರೆ ಎಂಬುದಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಅಂದು ಅರ್ಜಿಯ ಅಂಚಿನಲ್ಲಿ ನಾನೇ ‘ಸಿಗರೇಟ್ ಬಿಟ್ಟು 94 ದಿನ’ ಎಂದು ಬರೆದುಕೊಟ್ಟಿದ್ದೆ. ಕೌಂಟರಿನ ಹುಡುಗ ಓದಿ ನಕ್ಕು, ಕಂಪ್ಯೂಟರಿನಲ್ಲಿ ಆ ಖಾನೆಯೇ ಇಲ್ಲ ಸರ್, ಎಲ್ಲಿ ತುಂಬಲಿ ಎಂದು ಕೇಳಿದ.